ಬೆಳೆಯದೆ ಉಳಿದ ಊರು: ಸ್ಟ್ಯಾಮ್‌ಫರ್ಡ್‌ನ ಬೀದಿಗಳ ಪ್ರಕರಣ

1809ರ ಜೂನ್ 21ರಂದು ಸ್ಟ್ಯಾಮ್‌ಫರ್ಡ್‌ನ ಸೇಂಟ್ ಮಾರ್ಟಿನ್ಸ್ ಬೀದಿಯ ಒಂದು ಇನ್‌ನಲ್ಲಿ ಡೇನಿಯಲ್ ಲ್ಯಾಂಬರ್ಟ್ ತೀರಿಕೊಂಡ. ವಯಸ್ಸು 39, ತೂಕ ಸುಮಾರು 335 ಕಿಲೋ. ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಭಾರದ ಮನುಷ್ಯ ಅಂತಲೇ ಹೆಸರಾದವನು. ಕುದುರೆ ಪಂದ್ಯದ ಸಮಯ ನೋಡಿಕೊಂಡು ಊರಿಗೆ ಬಂದಿದ್ದ. ಶವಪೆಟ್ಟಿಗೆಗೆ ಚಕ್ರ ಕಟ್ಟಿದರೂ ಅದು ಬಾಗಿಲಲ್ಲಿ ಹಿಡಿಯಲಿಲ್ಲ. ಕೊನೆಗೆ ಕಿಟಕಿ ಕಿತ್ತು, ಗೋಡೆ ಒಡೆದು ಹೊರಗೆ ತಂದರು. ಅವನ ಸಮಾಧಿ ಈಗಲೂ ಸೇಂಟ್ ಮಾರ್ಟಿನ್ಸ್ ಚರ್ಚಿನ ಹಿಂದಿನ ಸ್ಮಶಾನದಲ್ಲಿದೆ.

ಈ ಊರಿನ ಮನೆಗಳ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಆ ಗೋಡೆ. ಯಾಕೆಂದರೆ ಅಲ್ಲಿಂದ ಮುಂದಿನ ನೂರೈವತ್ತು ವರ್ಷ ಇಂಗ್ಲೆಂಡಿನ ಊರೂರಲ್ಲೂ ಗೋಡೆ ಒಡೆಯುವುದೇ ಕೆಲಸವಾಗಿತ್ತು. ಕಾರ್ಖಾನೆಗೆ, ರೈಲಿಗೆ, ಅಂಗಡಿಗೆ, ಕಾರು ನಿಲ್ಲಿಸೋ ಜಾಗಕ್ಕೆ. ಸ್ಟ್ಯಾಮ್‌ಫರ್ಡ್‌ನಲ್ಲಿ ಮಾತ್ರ ಅದು ಅಷ್ಟಾಗಿ ಆಗಲಿಲ್ಲ. ಈಗ ಸುಮಾರು 20,000 ಜನರಿರುವ ಈ ಊರಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಹಳೆಯ ಕಟ್ಟಡಗಳೇ 600ಕ್ಕೂ ಜಾಸ್ತಿ. ಅದು ಹೇಗೆ ಉಳಿಯಿತು ಅನ್ನುವುದೇ ಈ ಪ್ರಕರಣ.

ಮೊದಲು ಊರಿನ ಪರಿಚಯ. ಲಿಂಕನ್‌ಶೈರ್ ಜಿಲ್ಲೆಯ ತೆಂಕಣ ತುದಿಯಲ್ಲಿ, ವೆಲ್ಲೆಂಡ್ ಎಂಬ ಚಿಕ್ಕ ನದಿಯ ದಡದಲ್ಲಿ ಸ್ಟ್ಯಾಮ್‌ಫರ್ಡ್ ಇದೆ. ಡೆನ್ಮಾರ್ಕ್ ಕಡೆಯಿಂದ ಬಂದ ಡೇನರು ಈ ಭಾಗವನ್ನು ಆಳುತ್ತಿದ್ದಾಗ ಅವರ ಐದು ಕೋಟೆ ಊರುಗಳಲ್ಲಿ ಇದೂ ಒಂದು. ಉಳಿದ ನಾಲ್ಕು ಡಾರ್ಬಿ, ಲೆಸ್ಟರ್, ಲಿಂಕನ್, ನಾಟಿಂಗ್‌ಹ್ಯಾಮ್. ಆ ನಾಲ್ಕೂ ಮುಂದೆ ಜಿಲ್ಲಾ ಕೇಂದ್ರಗಳಾದವು. ಇದೊಂದು ಮಾತ್ರ ಆಗಲಿಲ್ಲ. ಆ ಡೇನರ ಮಾತು ಇವತ್ತಿಗೂ ಬೀದಿ ಹೆಸರಲ್ಲಿ ಕೂತಿದೆ. ಸ್ಕಾಟ್‌ಗೇಟ್ ಅಂದರೆ ಅಲ್ಲಿ ಬಾಗಿಲು ಹುಡುಕಬೇಡಿ, 'ಗೇಟ್' ಅಂದರೆ ಅವರ ಭಾಷೆಯಲ್ಲಿ ಬೀದಿ.

ಮಧ್ಯಯುಗದಲ್ಲಿ ಉಣ್ಣೆ ಈ ಊರನ್ನು ಸಾಕಿತು. ಒಂದು ಕಾಲಕ್ಕೆ ಇಲ್ಲಿ 14 ಚರ್ಚುಗಳಿದ್ದವು. ಅವುಗಳಲ್ಲಿ ಐದು ಈಗಲೂ ನಿಂತಿವೆ. ಉಣ್ಣೆಯ ವ್ಯಾಪಾರಿ ವಿಲಿಯಂ ಬ್ರೌನ್ 15ನೇ ಶತಮಾನದಲ್ಲಿ ಬಡ ಮುದುಕರಿಗೆಂದು ಕಟ್ಟಿಸಿದ ಮನೆ ಬ್ರಾಡ್ ಸ್ಟ್ರೀಟ್‌ನಲ್ಲಿ ಇನ್ನೂ ಅದೇ ಕೆಲಸ ಮಾಡುತ್ತಿದೆ. ಇಂಥ ಧರ್ಮದ ಮನೆಗಳಿಗೆ ಇಂಗ್ಲೆಂಡಿನ ಬೇರೆ ಕಡೆ ಬೇರೆ ಹೆಸರಿದೆ. ಸ್ಟ್ಯಾಮ್‌ಫರ್ಡ್‌ನವರು ಮಾತ್ರ ಅವನ್ನು 'ಕ್ಯಾಲಿಸ್' ಅನ್ನುತ್ತಾರೆ. ಬ್ರೌನ್‌ನಂಥವರು ಫ್ರಾನ್ಸಿನ ಕ್ಯಾಲೆ ಬಂದರಿನ ಮೂಲಕ ಉಣ್ಣೆ ಮಾರುತ್ತಿದ್ದರು, ಆ ಕ್ಯಾಲೆಯೇ ಊರವರ ಬಾಯಲ್ಲಿ ಕ್ಯಾಲಿಸ್ ಆಯಿತು. ದುಡ್ಡು ಬಂದ ದಾರಿಯ ಹೆಸರು, ದುಡ್ಡಿಲ್ಲದವರ ಮನೆಗೆ.

ಆಮೇಲೆ ಉಣ್ಣೆ ಬಿತ್ತು, ಊರೂ ಬಡವಾಯಿತು. ಮತ್ತೆ ಚಿಗುರಿದ್ದು ರಸ್ತೆಯಿಂದ. ಲಂಡನ್‌ನಿಂದ ಉತ್ತರಕ್ಕೆ, ಯಾರ್ಕ್ ದಾಟಿ ಸ್ಕಾಟ್ಲೆಂಡಿಗೆ ಹೋಗುವ ಹೆದ್ದಾರಿ ಈ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಕುದುರೆ ಗಾಡಿಗಳ ಕಾಲದಲ್ಲಿ ದಿನಕ್ಕೆ ಸುಮಾರು 40 ಗಾಡಿಗಳು ಇಲ್ಲಿ ನಿಲ್ಲುತ್ತಿದ್ದವು. ಸೇಂಟ್ ಮಾರ್ಟಿನ್ಸ್ ಬೀದಿಯ ಜಾರ್ಜ್ ಹೋಟೆಲಿನ ಎರಡು ಕೋಣೆಗಳಿಗೆ ಇವತ್ತಿಗೂ ಲಂಡನ್, ಯಾರ್ಕ್ ಎಂಬ ಹೆಸರಿವೆ. ದಕ್ಷಿಣಕ್ಕೆ ಹೋಗುವವರು ಒಂದರಲ್ಲಿ, ಉತ್ತರಕ್ಕೆ ಹೋಗುವವರು ಇನ್ನೊಂದರಲ್ಲಿ ಕಾಯಬೇಕಿತ್ತು. ಹೋಟೆಲಿನ ಬೋರ್ಡು ರಸ್ತೆಯ ಈ ಕಡೆಯಿಂದ ಆ ಕಡೆಗೆ ನೇಣುಗಂಬದ ಹಾಗೆ ಹಾಕಿದ ತೊಲೆಯ ಮೇಲಿದೆ. ಹೊಸಬರು ಕತ್ತೆತ್ತಿ ನೋಡಿ ಸ್ವಲ್ಪ ಬೆಚ್ಚುತ್ತಾರೆ.

ಈ ಗಾಡಿ ಕಾಲದ ದುಡ್ಡಿನಲ್ಲಿ ಎದ್ದಿದ್ದೇ ಇವತ್ತು ನಾವು ನೋಡುವ ಸ್ಟ್ಯಾಮ್‌ಫರ್ಡ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಈ ಮನೆಗಳು ಸುಳ್ಳು ಹೇಳುತ್ತವೆ.

ಬಾರ್ನ್ ಹಿಲ್ ಬೀದಿಗೆ ಬನ್ನಿ. ಮಾರ್ಕೆಟ್ಟಿನ ಗದ್ದಲದಿಂದ ನಾಲ್ಕು ಹೆಜ್ಜೆ ಅಷ್ಟೆ, ಆದರೆ ಒಳಗೆ ಬಂದರೆ ಸದ್ದೇ ಇಲ್ಲ. ಎರಡೂ ಕಡೆ ಜೇನು ಬಣ್ಣದ ಕಲ್ಲಿನ ಮನೆಗಳು. ಅಳತೆ ಹಿಡಿದು ಕೂರಿಸಿದಂಥ ಕಿಟಕಿ ಸಾಲು, ಮಧ್ಯದಲ್ಲಿ ಕಂಬ ಕಟ್ಟಿದ ಬಾಗಿಲು. ಹಳೆಯ ಕಲ್ಲುಗಳ, ಗುಡ್ಡೆಗಳ ಹುಚ್ಚು ಹತ್ತಿಸಿಕೊಂಡು ಸ್ಟೋನ್‌ಹೆಂಜ್ ಅಳೆದ ವಿಲಿಯಂ ಸ್ಟ್ಯೂಕ್ಲಿ ಇಲ್ಲಿನ ಆಲ್ ಸೇಂಟ್ಸ್ ಚರ್ಚಿನ ಪಾದ್ರಿಯಾಗಿದ್ದಾಗ ಈ ಬೀದಿಯಲ್ಲೂ ವಾಸವಿದ್ದರು. ಇದೆಲ್ಲ 18ನೇ ಶತಮಾನದ್ದು ಅಂತ ಮುಂಭಾಗ ಹೇಳುತ್ತದೆ. ಆದರೆ ಪಕ್ಕದ ಓಣಿಗೆ ಹೋಗಿ ಪಕ್ಕದ ಗೋಡೆ ನೋಡಿ. ಅಲ್ಲಿ ನಯವಾಗಿ ಕೆತ್ತಿದ ಕಲ್ಲಿಲ್ಲ, ಕೈಗೆ ಸಿಕ್ಕ ಒರಟು ಕಲ್ಲು. ಇನ್ನೂ ಕತ್ತೆತ್ತಿದರೆ ಛಾವಣಿ ತೀರಾ ಕಡಿದಾಗಿ ಇಳಿದಿರುತ್ತದೆ. 18ನೇ ಶತಮಾನದವರು ಹೊಸದಾಗಿ ಕಟ್ಟಿದ್ದರೆ ಅಷ್ಟು ಕಡಿದು ಮಾಡುತ್ತಿರಲಿಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಒಳಗಿರುವುದು ಅದಕ್ಕೂ ನೂರು, ಇನ್ನೂರು ವರ್ಷ ಹಿಂದಿನ ಮರದ ಚೌಕಟ್ಟಿನ ಮನೆಯೇ. ಗಾಡಿ ಕಾಲದಲ್ಲಿ ಕೈಗೆ ದುಡ್ಡು ಬಂದಾಗ ಯಜಮಾನ ಮುಂದೆ ಒಂದು ಹೊಸ ಕಲ್ಲಿನ ಮುಖ ಹಚ್ಚಿದ, ಅಷ್ಟೆ. ಹಳೆಯ ಸೀರೆಗೆ ಹೊಸ ಅಂಚು ಹಾಕಿದ ಹಾಗೆ.

ಕೆಲವು ಕಡೆ ಕಿಟಕಿ ಇರಬೇಕಾದ ಜಾಗದಲ್ಲಿ ಕಲ್ಲು ತುಂಬಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ತೆರಿಗೆ ಇತ್ತು, ಕಿಟಕಿ ಎಣಿಸಿ ದುಡ್ಡು ಕಟ್ಟಿಸಿಕೊಳ್ಳುತ್ತಿದ್ದರು. ಅದಕ್ಕೇ ಮುಚ್ಚಿದರು ಅಂತ ಗೈಡುಗಳು ಎಲ್ಲ ಮುಚ್ಚಿದ ಕಿಟಕಿಗೂ ಹೇಳಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ. ಒಳಗೆ ಒಲೆಯ ಹೊಗೆಗೂಡು ಬಂದ ಕಡೆ ಕಿಟಕಿ ಇಡೋಕೆ ಆಗುವುದಿಲ್ಲ, ಆದರೆ ಹೊರಗಿನ ಸಾಲು ತಪ್ಪಬಾರದು. ಆಗ ಮೊದಲಿಂದಲೇ ಸುಮ್ನೆ ಒಂದು ಸುಳ್ಳು ಕಿಟಕಿ ಕಟ್ಟುತ್ತಿದ್ದರು. ಯಾವುದು ತೆರಿಗೆಗೆ, ಯಾವುದು ಚೆಂದಕ್ಕೆ ಅಂತ ಒಳಗೆ ಹೋಗಿ ನೋಡದೆ ಹೇಳಬಾರದು.

ಕಲ್ಲಿನ ವಿಷಯಕ್ಕೆ ಬಂದರೆ ಈ ಊರು ಪುಣ್ಯ ಮಾಡಿತ್ತು. ಸುತ್ತ ಕೆಲವೇ ಮೈಲಿಗಳಲ್ಲಿ ಬಾರ್ನಕ್, ಕೆಟನ್, ಕ್ಲಿಪ್ಸಮ್ ಎಂಬ ಹಳ್ಳಿಗಳಿವೆ. ಮೂರೂ ಇಂಗ್ಲೆಂಡಿನಲ್ಲಿ ಹೆಸರಾದ ಸುಣ್ಣಕಲ್ಲಿನ ಗಣಿಗಳು. ಬಾರ್ನಕ್‌ನ ಒಳ್ಳೆಯ ಕಲ್ಲು ಮಧ್ಯಯುಗ ಮುಗಿಯುವ ಹೊತ್ತಿಗೇ ಖಾಲಿಯಾಯಿತು. ಕೆಟನ್ ಕಲ್ಲು ಕೇಂಬ್ರಿಜ್‌ನ ಕಾಲೇಜುಗಳಿಗೂ ಹೋಯಿತು. ಛಾವಣಿಗೆ ಕಾಲಿವೆಸ್ಟನ್ ಹಳ್ಳಿಯ ಕಲ್ಲು ಹಾಳೆ. ಅದರ ಕಥೆ ಬೇರೆಯೇ ಇದೆ, ಕೊನೆಗೆ ಹೇಳುತ್ತೇನೆ.

ಈಗ ಮುಖ್ಯ ಪ್ರಶ್ನೆ. 19ನೇ ಶತಮಾನ ಶುರುವಾದಾಗ ಸ್ಟ್ಯಾಮ್‌ಫರ್ಡ್ ಮತ್ತು 20 ಕಿಲೋಮೀಟರ್ ಆಚೆಯ ಪೀಟರ್‌ಬರೋ ಹೆಚ್ಚು ಕಡಿಮೆ ಒಂದೇ ಗಾತ್ರದ ಊರುಗಳು. ಈಗ ಪೀಟರ್‌ಬರೋದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ. ಇಲ್ಲಿ ಅದರ ಹತ್ತನೇ ಒಂದು ಪಾಲು. ಏನಾಯಿತು?

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಮಾರ್ಕ್ವಿಸ್ ರೈಲು ಬರೋಕೆ ಬಿಡಲಿಲ್ಲ. ಊರಿನ ಪಕ್ಕದಲ್ಲೇ ಬರ್ಲಿ ಹೌಸ್ ಎಂಬ ಅರಮನೆಯಂಥ ಮನೆ ಇದೆ. ಒಂದನೇ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ 1555ರಿಂದ 1587ರವರೆಗೆ ಕಟ್ಟಿಸಿದ್ದು. ಅವನ ವಂಶದವರೇ ಮುಂದೆ ಎಕ್ಸಿಟರ್‌ನ ಅರ್ಲ್‌ಗಳಾದರು, 1801ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿರುದು ಸಿಕ್ಕಿ ಮಾರ್ಕ್ವಿಸ್ ಆದರು. ತನ್ನ ಜಮೀನಿನ ಹತ್ತಿರ ಹೊಗೆ ಬಿಡುವ ಗಾಡಿ ಬೇಡ ಅಂತ ಎರಡನೇ ಮಾರ್ಕ್ವಿಸ್ ಹಟ ಹಿಡಿದ, ಲಂಡನ್‌ನಿಂದ ಉತ್ತರಕ್ಕೆ ಹೋಗುವ ಮುಖ್ಯ ರೈಲು ಪೀಟರ್‌ಬರೋ ಕಡೆ ಹೋಯಿತು. ಇದು ಕಥೆ.

ಕಥೆ ಚೆನ್ನಾಗಿದೆ, ಆದರೆ ಪೂರ್ತಿ ಸರಿ ಅಲ್ಲ. ಸ್ಟ್ಯಾಮ್‌ಫರ್ಡ್‌ಗೆ 1846ರಲ್ಲೇ ರೈಲು ಬಂತು. ಪೀಟರ್‌ಬರೋದಿಂದ ಲೆಸ್ಟರ್ ಕಡೆ ಹೋಗುವ ಅಡ್ಡ ಮಾರ್ಗ ಅದು. ಬರ್ಲಿಯ ಮಾದರಿಯಲ್ಲಿ ಕಟ್ಟಿದ ಅದರ ಕಲ್ಲಿನ ಸ್ಟೇಷನ್ ಇವತ್ತಿಗೂ ನೋಡೋಕೆ ಚೆಂದ. ಮುಖ್ಯ ಮಾರ್ಗ ತಪ್ಪಿದ್ದು ನಿಜ. ಅದಕ್ಕೆ ವೆಲ್ಲೆಂಡ್ ಕಣಿವೆಯ ಏರಿಳಿತ, ಬೇರೆ ಊರುಗಳ ಪೈಪೋಟಿ ಎಲ್ಲ ಸೇರಿದ್ದವು. ಕೈತಪ್ಪಿದ ಮೇಲೆ ಅದೇ ಮಾರ್ಕ್ವಿಸ್ ದುಡ್ಡು ಹಾಕಿ 1856ರಲ್ಲಿ ಎಸೆಂಡೈನ್‌ವರೆಗೆ ಒಂದು ಕವಲು ಮಾರ್ಗ ಹಾಕಿಸಿ, ಊರನ್ನು ಮುಖ್ಯ ರೈಲಿಗೆ ಜೋಡಿಸಿದ. ರೈಲೇ ಬೇಡ ಅನ್ನುವವನು ಮಾಡೋ ಕೆಲಸವಾ ಇದು?

ಹಾಗಂತ ಮಾರ್ಕ್ವಿಸ್‌ದು ತಪ್ಪೇ ಇಲ್ಲ ಅಂತಲ್ಲ. ರೈಲಿಗಿಂತ ಹಿಂದಿನಿಂದ, ರೈಲಿಗಿಂತ ಗಟ್ಟಿಯಾಗಿ ಈ ಊರನ್ನು ಕಟ್ಟಿಹಾಕಿದ್ದು ಓಟು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸ್ಟ್ಯಾಮ್‌ಫರ್ಡ್ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು. 1832ರವರೆಗೆ ಇಲ್ಲಿ ಓಟಿನ ಹಕ್ಕು ಇದ್ದದ್ದು ಊರಲ್ಲಿ ಮನೆ ಹಿಡಿದು, ಸ್ಥಳೀಯ ತೆರಿಗೆ ಕಟ್ಟುವ ಗಂಡಸರಿಗೆ. ಮನೆ ಸ್ವಂತದ್ದೇ ಆಗಬೇಕಿರಲಿಲ್ಲ, ಬಾಡಿಗೆಯದಾದರೂ ಆಯಿತು. ಅಂದರೆ ಒಂದು ಮನೆ, ಒಂದು ಓಟು. ಯಾರ ಕೈಯಲ್ಲಿ ಮನೆಗಳು ಜಾಸ್ತಿ ಇವೆಯೋ ಅವರ ಕೈಯಲ್ಲಿ ಚುನಾವಣೆ. ಬರ್ಲಿಯವರು ಊರೊಳಗೆ ಸಾಲು ಸಾಲು ಮನೆ ಇಟ್ಟುಕೊಂಡಿದ್ದು ಬಾಡಿಗೆಯ ಆಸೆಗೆ ಅಷ್ಟೇ ಅಲ್ಲ. ಓಟು ಆಗ ಗುಟ್ಟಾಗಿರಲಿಲ್ಲ, ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು. ಯಾರಿಗೆ ಹಾಕಿದ ಅಂತ ಮನೆ ಮಾಲೀಕನಿಗೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. 1830ರ ಸುಮಾರಿನ ಬಿಸಿ ಚುನಾವಣೆಗಳಲ್ಲಿ ಎದುರು ಪಕ್ಷಕ್ಕೆ ಓಟು ಹಾಕಿದ ಬಾಡಿಗೆದಾರರಿಗೆ ಮನೆ ಖಾಲಿ ಮಾಡಿ ಅಂತ ನೋಟಿಸು ಹೋಯಿತು. ಅದು ಪಾರ್ಲಿಮೆಂಟಿನಲ್ಲೂ ಗಲಾಟೆಯಾಯಿತು.

ಹೀಗಿರುವಾಗ ಊರ ಹೊರಗೆ ಬೇರೆಯವರು ಹೊಸ ಮನೆ ಕಟ್ಟಿದರೆ ಏನಾಗುತ್ತದೆ? ಕೈಗೆ ಸಿಗದ ಹೊಸ ಓಟುಗಳು ಹುಟ್ಟುತ್ತವೆ. ಅದು ಬೇಡವಾಗಿತ್ತು. ಊರಿನ ಉತ್ತರಕ್ಕೆ ದೊಡ್ಡ ಬಯಲು ಹೊಲಗಳಿದ್ದವು. ಬೇಲಿ ಇಲ್ಲದ, ಪಟ್ಟೆ ಪಟ್ಟೆಯಾಗಿ ಹಲವರಿಗೆ ಸೇರಿದ, ಬೆಳೆ ಎತ್ತಿದ ಮೇಲೆ ಊರಿನ ಹಕ್ಕುದಾರರು ದನ ಮೇಯಿಸುವ ಹೊಲಗಳು. ಇಂಥ ಹೊಲಗಳನ್ನು ಅಳೆದು, ಹಂಚಿ, ಬೇಲಿ ಹಾಕಿ ಖಾಸಗಿ ಆಸ್ತಿ ಮಾಡುವ ಕೆಲಸ ಇಂಗ್ಲೆಂಡಿನ ಬಹುಪಾಲು ಕಡೆ 1830ರ ಹೊತ್ತಿಗೆ ಮುಗಿದಿತ್ತು. ಹಾಗೆ ಮಾಡಿದರೆ ಮಾತ್ರ ಒಬ್ಬ ಒಂದು ತುಂಡು ಕೊಂಡು ಮನೆ ಕಟ್ಟಲು ಸಾಧ್ಯ. ಸ್ಟ್ಯಾಮ್‌ಫರ್ಡ್‌ನಲ್ಲಿ ಅದಕ್ಕೆ ಕಾಯ್ದೆ ಬಂದಿದ್ದು 1871ರಲ್ಲಿ, ಹಂಚಿಕೆ ಮುಗಿದಿದ್ದು 1875ರಲ್ಲಿ. ಗುಟ್ಟಿನ ಓಟು ಬಂದಿದ್ದು 1872ರಲ್ಲಿ. ಎರಡೂ ಒಂದೇ ಸಮಯಕ್ಕೆ ಬಂದಿರುವುದನ್ನು ನೋಡಿದರೆ ನನಗಂತೂ ಇದು ಕಾಕತಾಳೀಯ ಅನ್ನಿಸುವುದಿಲ್ಲ. ಓಟು ಕೈಬಿಟ್ಟ ಮೇಲೆ ಹೊಲ ಹಿಡಿದುಕೊಂಡು ಏನು ಮಾಡಬೇಕು?

ಅಂದಹಾಗೆ, 1853ರಿಂದ 1868ರವರೆಗೆ ಈ ಊರಿನ ಪಾರ್ಲಿಮೆಂಟ್ ಸದಸ್ಯನಾಗಿದ್ದವನು ಅದೇ ವಂಶದ ಇನ್ನೊಂದು ಕವಲಿನ ರಾಬರ್ಟ್ ಸೆಸಿಲ್. ಮುಂದೆ ಲಾರ್ಡ್ ಸಾಲ್ಸ್‌ಬರಿ ಅಂತ ಮೂರು ಸಲ ಪ್ರಧಾನಿಯಾದವನು. ಭಾರತ ಮಂತ್ರಿಯಾಗಿ ನಮ್ಮ ಕಡೆಯ ಕಾಗದಗಳ ಮೇಲೂ ಸಹಿ ಹಾಕಿದವನು ಇವನೇ. ಅವನ ರಾಜಕೀಯ ಶುರುವಾಗಿದ್ದು ಈ ಬಾಡಿಗೆ ಮನೆಗಳ ಊರಿಂದ.

ಇದರ ಬೆಲೆ ತೆತ್ತವರು ಬೇರೆ. ಜನ ಹೆಚ್ಚುತ್ತಿದ್ದರು, ಊರು ಹಿಗ್ಗುವ ಹಾಗಿರಲಿಲ್ಲ. ಹಾಗಾಗಿ ಚೆಂದದ ಮನೆಗಳ ಹಿತ್ತಲಲ್ಲೇ, ಹಿಂದೆ ತೋಟ, ಲಾಯ ಇದ್ದ ಜಾಗದಲ್ಲೇ ಸಣ್ಣ ಸಣ್ಣ ಗೂಡು ಕಟ್ಟಿದರು. ಬೀದಿಯಿಂದ ಒಂದು ಕಮಾನಿನ ಕೆಳಗೆ ನುಗ್ಗಿದರೆ ಒಳಗೆ ಒಂದು ಕಿರಿದಾದ ಅಂಗಳ, ಸುತ್ತ ಸಾಲು ಕುಟುಂಬಗಳು. ಒಂದೇ ನೀರಿನ ಪಂಪು, ಒಂದೋ ಎರಡೋ ಕಕ್ಕಸು. ಆ ಮನೆಗಳಲ್ಲಿ ಹೆಚ್ಚಿನವು ಈಗಿಲ್ಲ, ಕೊಳಗೇರಿ ಅಂತ ಕೆಡವಿದರು. ಕಮಾನುಗಳು ಮಾತ್ರ ಉಳಿದಿವೆ. ಪ್ರವಾಸಿಗಳು ಅವುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ಟ್ಯಾಮ್‌ಫರ್ಡ್ ಪೂರ್ತಿಯಾಗಿ ಉಳಿಯಿತು ಅನ್ನುವವರು ಇದನ್ನು ಮರೆಯುತ್ತಾರೆ. ಉಳಿದದ್ದು ಬೀದಿಗೆ ಮುಖ ಮಾಡಿದ ಅರ್ಧ.

ಊರಿನ ಪಶ್ಚಿಮಕ್ಕೆ ರಟ್ಲೆಂಡ್ ಟೆರೇಸ್ ಇದೆ. 1830ರ ಆಸುಪಾಸು ಕಟ್ಟಿದ ಒಂದೇ ಅಚ್ಚಿನ ಉದ್ದ ಮನೆ ಸಾಲು, ಗಾರೆ ಮೆತ್ತಿದ ಮುಖ, ಬಾಲ್ಕನಿ, ಮುಂದೆ ನದಿಯ ಹುಲ್ಲುಗಾವಲು. ಸಮುದ್ರ ತೀರದ ಊರಿನಿಂದ ಎತ್ತಿ ತಂದಿಟ್ಟ ಹಾಗಿದೆ. ಗಾಡಿ ಕಾಲದ ಕೊನೆಯ ಹಮ್ಮು ಅದು. ಅದಾದ ಮೇಲೆ ಊರು ಇಂಥದ್ದನ್ನು ಕಟ್ಟುವ ಶಕ್ತಿ ಕಳೆದುಕೊಂಡಿತು. ಕೆಡವುವ ಶಕ್ತಿಯನ್ನೂ.

ಮುಂದಿನ ಅಪಾಯ ಬಂದಿದ್ದು 20ನೇ ಶತಮಾನದಲ್ಲಿ, ಅದೇ ಹಳೆಯ ಹೆದ್ದಾರಿಯಲ್ಲಿ. ಕುದುರೆ ಹೋಗಿ ಲಾರಿ ಬಂತು. ಎ1 ರಸ್ತೆಯ ಲಂಡನ್–ಎಡಿನ್‌ಬರೋ ಲಾರಿಗಳೆಲ್ಲ ಸೇಂಟ್ ಮಾರ್ಟಿನ್ಸ್ ಬೀದಿ ಇಳಿದು, ಸೇತುವೆ ದಾಟಿ, ಸೇಂಟ್ ಮೇರೀಸ್ ಹಿಲ್ ಏರಿ, ಕಿರಿದಾದ ತಿರುವುಗಳಲ್ಲಿ ಗೋಡೆ ಸವರಿಕೊಂಡು ಹೋಗಬೇಕಿತ್ತು. ಬೈಪಾಸ್ ಬಂದಿದ್ದು 1960ರಲ್ಲಿ. ಅದು ಇಲ್ಲದೆ ಹೋಗಿದ್ದರೆ ರಸ್ತೆ ಅಗಲ ಮಾಡುವ ಮಾತು ಬಂದೇ ಬರುತ್ತಿತ್ತು. ಆಗ ಯಾವ ಪಟ್ಟಿಯೂ ಈ ಮನೆಗಳನ್ನು ಕಾಯುತ್ತಿರಲಿಲ್ಲ ಅಂತ ನನ್ನ ಅಂದಾಜು.

ಏಳು ವರ್ಷದ ಮೇಲೆ ಕಾನೂನು ಬಂತು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ರಕ್ಷಣೆ ಇದ್ದದ್ದು ಒಂದೊಂದೇ ಕಟ್ಟಡಕ್ಕೆ. ಅಪರೂಪದ ಒಂದು ಮನೆ ಪಟ್ಟಿಗೆ ಸೇರುತ್ತಿತ್ತು, ಅದರ ಎರಡೂ ಪಕ್ಕ ಏನು ಬೇಕಾದರೂ ಕಟ್ಟಬಹುದಿತ್ತು. ಬೀದಿ ಅಂದರೆ ಅದೊಂದು ಒಟ್ಟು ವಸ್ತು ಅನ್ನುವ ಯೋಚನೆ ಕಾನೂನಿನಲ್ಲಿ ಇರಲಿಲ್ಲ. ಸಂಸದ ಡಂಕನ್ ಸ್ಯಾಂಡ್ಸ್ ಮುಂದೆ ನಿಂತು 1967ರಲ್ಲಿ ಸಿವಿಕ್ ಅಮೆನಿಟೀಸ್ ಕಾಯ್ದೆ ತಂದರು. ಅದರಿಂದ ಇಡೀ ಪ್ರದೇಶವನ್ನೇ ಸಂರಕ್ಷಿತ ಅಂತ ಘೋಷಿಸಬಹುದಾಯಿತು. ಆ ವರ್ಷವೇ ದೇಶದ ಮೊದಲ ಸಂರಕ್ಷಿತ ಪ್ರದೇಶವಾದದ್ದು ಸ್ಟ್ಯಾಮ್‌ಫರ್ಡ್. ಈಗ ಇಂಗ್ಲೆಂಡಿನಲ್ಲಿ ಅಂಥವು ಸುಮಾರು 10,000 ಇವೆ.

ಅಲ್ಲಿ ಮನೆ ಇದ್ದವರಿಗೆ ಇದರ ಅರ್ಥ ಏನು? ಪಟ್ಟಿಯಲ್ಲಿರುವ ಮನೆಯಾದರೆ ಅದರ ಗುಣ ಬದಲಾಗುವಂಥ ಏನೇ ಮಾಡಬೇಕಾದರೂ ಪೌರಾಡಳಿತದ ಒಪ್ಪಿಗೆ ಬೇಕು, ಒಳಗಿನ ಮೆಟ್ಟಿಲು ಕೀಳುವುದಕ್ಕೂ. ಕೇಳದೆ ಮಾಡಿದರೆ ದಂಡದ ಮಾತಲ್ಲ ಬರೀ, ಅದು ಅಪರಾಧ. ಪಟ್ಟಿಯಲ್ಲಿಲ್ಲದ ಮನೆಯಾದರೂ ಸಂರಕ್ಷಿತ ಪ್ರದೇಶದಲ್ಲಿದ್ದರೆ ಕೆಡವಲು ಅನುಮತಿ ಬೇಕು. ಹಿತ್ತಲಿನ ಮರ ಕಡಿಯಬೇಕಾದರೆ ಆರು ವಾರ ಮೊದಲು ತಿಳಿಸಬೇಕು.

ಜನಕ್ಕೆ ಜಾಸ್ತಿ ಕಾಡುವುದು ಕಿಟಕಿ. ಮೇಲೆ ಕೆಳಗೆ ಜಾರುವ ಹಳೆಯ ಮರದ ಕಿಟಕಿ, ಒಂದೇ ಪದರದ ತೆಳು ಗಾಜು. ಚಳಿಗಾಲದಲ್ಲಿ ಗಾಳಿ ನುಗ್ಗುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಎರಡು ಗಾಜಿನ ಕಿಟಕಿ ಹಾಕೋಣ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಳಗಡೆಯಿಂದ ಇನ್ನೊಂದು ಗಾಜಿನ ಪರದೆ ಹಾಕಿಕೊಳ್ಳಿ ಅನ್ನುತ್ತಾರೆ. ನನಗೆ ಎರಡೂ ಕಡೆಯವರ ಮೇಲೂ ಕನಿಕರ ಇದೆ. ಆದರೆ ಒಂದು ಬೀದಿಯಲ್ಲಿ ನಾಲ್ಕು ಮನೆಯವರು ಕಿಟಕಿ ಬದಲಾಯಿಸಿದರೆ ಬೀದಿಯ ಮುಖವೇ ಹೋಗುತ್ತದೆ, ಅದೂ ನಿಜ.

ಇನ್ನೊಂದು ಸಿಮೆಂಟು. ಸುಣ್ಣಕಲ್ಲಿನ ಗೋಡೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ಸಂದಿನ ಸುಣ್ಣದ ಗಾರೆಯ ಮೂಲಕ ಹೊರಗೆ ಹೋಗುತ್ತದೆ. 20ನೇ ಶತಮಾನದಲ್ಲಿ ಗಟ್ಟಿ ಇರಲಿ ಅಂತ ಆ ಸಂದಿಗೆ ಸಿಮೆಂಟು ತುಂಬಿದವರು ಬಹಳ. ತೇವಕ್ಕೆ ದಾರಿ ತಪ್ಪಿತು. ಅದು ಕಲ್ಲಿನ ಮೂಲಕವೇ ಹೊರಬರತೊಡಗಿತು. ಚಳಿಗೆ ಹೆಪ್ಪುಗಟ್ಟಿ ಕಲ್ಲಿನ ಮುಖ ಪದರ ಪದರವಾಗಿ ಉದುರಿತು. ಸಂದಿನ ಸಿಮೆಂಟು ಗಟ್ಟಿಯಾಗಿ ಮುಂದೆ ಚಾಚಿಕೊಂಡು, ನಡುವಿನ ಕಲ್ಲು ತಿಂದುಹೋದ ಗೋಡೆ ಕಂಡರೆ ಯಾರೋ ಒಬ್ಬರು ಒಳ್ಳೆಯದು ಮಾಡಲು ಹೋಗಿದ್ದರು ಅಂತ ತಿಳಿಯಬೇಕು.

ದುಡ್ಡಿನ ಲೆಕ್ಕ ಇನ್ನೂ ವಿಚಿತ್ರ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಹಳೆಯ ಮನೆ ರಿಪೇರಿ ಮಾಡಿದರೆ 20 ಪರ್ಸೆಂಟ್. ಪಟ್ಟಿಯಲ್ಲಿರುವ ಮನೆಗಳಿಗೆ ಒಪ್ಪಿಗೆ ಪಡೆದು ಮಾಡುವ ಬದಲಾವಣೆಗಳಿಗೆ ಮೊದಲು ವಿನಾಯಿತಿ ಇತ್ತು, 2012ರ ಅಕ್ಟೋಬರ್‌ನಿಂದ ಅದೂ ಹೋಯಿತು. ಉಳಿಸಿ ಅಂತ ಒಂದು ಇಲಾಖೆ, ಉಳಿಸಿದ್ದಕ್ಕೆ ಕಟ್ಟಿ ಅಂತ ಇನ್ನೊಂದು.

ಈಗ ಕಾಲಿವೆಸ್ಟನ್. ಅಲ್ಲಿನ ಛಾವಣಿ ಕಲ್ಲು ನಮ್ಮ ಕಡಪ ಕಲ್ಲಿನ ಹಾಗೆ ಉಳಿ ಸುತ್ತಿಗೆಯಿಂದ ಸೀಳುವಂಥದ್ದಲ್ಲ. ಅದೂ ಸುಣ್ಣಕಲ್ಲೇ. ಚಳಿಗಾಲದ ಆರಂಭದಲ್ಲಿ ಗಣಿಯಿಂದ ದಪ್ಪ ದಪ್ಪ ತುಂಡು ತೆಗೆದು, ಬಯಲಲ್ಲಿ ಹರವಿ, ಒಣಗದ ಹಾಗೆ ನೀರು ಹಾಕುತ್ತಿದ್ದರು. ಹಿಮ ಬಿದ್ದ ರಾತ್ರಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ತಾನೇ ಪದರಗಳಲ್ಲಿ ಬಿಡುತ್ತದೆ. ಬೇಸಿಗೆಯಲ್ಲಿ ಅದನ್ನು ಬಿಡಿಸಿ, ಅಂಚು ಕತ್ತರಿಸಿ, ತೂತು ಕೊರೆದು ಛಾವಣಿಗೆ ಸಿಕ್ಕಿಸುತ್ತಿದ್ದರು. ಕೆಳಗೆ ಸೂರಿನ ಹತ್ತಿರ ದೊಡ್ಡ ಹಾಳೆ, ಮೇಲೆ ಹೋದಂತೆ ಚಿಕ್ಕದು, ನೆತ್ತಿಯಲ್ಲಿ ಅಂಗೈ ಅಗಲ. ಒಮ್ಮೆ ಕಲ್ಲು ಒಣಗಿತೋ, ಮುಗಿಯಿತು, ಮತ್ತೆ ಸೀಳುವುದಿಲ್ಲ.

20ನೇ ಶತಮಾನದ ಕೊನೆಗೆ ಚಳಿಗಾಲಗಳು ಮೆತ್ತಗಾದವು. ಹಿಮ ನೆಚ್ಚಿಕೊಂಡ ಕೆಲಸ ನಿಂತೇ ಹೋಯಿತು. ಸ್ಟ್ಯಾಮ್‌ಫರ್ಡ್‌ನ ಛಾವಣಿ ರಿಪೇರಿಗೆ ಬೇರೆ ಹಳೆಯ ಕಟ್ಟಡದ ಹಾಳೆ ಬಿಚ್ಚಿ ತರುವುದೊಂದೇ ದಾರಿಯಾಯಿತು. ಒಂದು ಛಾವಣಿ ಉಳಿಸಲು ಇನ್ನೊಂದನ್ನು ಬರಿದು ಮಾಡಬೇಕಿತ್ತು. 2010ರ ದಶಕದಲ್ಲಿ, ಆಗ ಇಂಗ್ಲಿಷ್ ಹೆರಿಟೇಜ್ ಅಂತ ಇದ್ದ ಸರ್ಕಾರಿ ಸಂಸ್ಥೆ ಹತ್ತಿರದ ಅಪ್‌ಥಾರ್ಪ್ ಮಹಲಿನ ಛಾವಣಿಗೆ ಹೊಸ ಹಾಳೆ ಬೇಕಾಗಿ ಒಂದು ಪ್ರಯೋಗ ಮಾಡಿಸಿತು. ಕಲ್ಲಿಗೆ ನೀರು ಕುಡಿಸಿ, ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸುವುದು, ಕರಗಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು. ಕಲ್ಲು ಬಿಟ್ಟುಕೊಂಡಿತು. ಹಳ್ಳಿಯಲ್ಲಿ ಗಣಿಯೂ ಮತ್ತೆ ತೆರೆಯಿತು. ಈಗ ಹಾಳೆ ಬೇಕು ಅಂದವರು ಹಿಮಕ್ಕೆ ಕಾಯುವುದಿಲ್ಲ, ಫ್ರೀಜರಿನ ಸರದಿಗೆ ಕಾಯುತ್ತಾರೆ.